ಈಸ್ಟರ್ ದಾಳಿಯ ನಂತರ ಶ್ರೀಲಂಕಾದ ಕಥೋಲಿಕರನ್ನು ನಿಲ್ಲಿಸಿದ್ದೇನು?

2019ರ ಏಪ್ರಿಲ್ 18ರಂದು ಬೆಂಗಳೂರಿನಲ್ಲಿ ಲೋಕಸಭೆ ಚುನಾವಣೆಗೆ ಮತದಾನ ನಡೆಯಿತು. ಬಿಸಿಲಲ್ಲಿ ಪ್ರಚಾರ ಮಾಡಿ ದಣಿದಿದ್ದ ಕೆಲವು ಜೆಡಿಎಸ್ ಕಾರ್ಯಕರ್ತರು ಎರಡು ದಿನ ಸುಧಾರಿಸಿಕೊಂಡು ಬರೋಣ ಅಂತ ಕೊಲಂಬೊಗೆ ಹೋದರು. ಏಪ್ರಿಲ್ 21ರ ಭಾನುವಾರ ತಿಂಡಿ ಹೊತ್ತಿಗೆ ಅವರಿದ್ದ ಶಾಂಗ್ರಿ-ಲಾ ಹೋಟೆಲಿನಲ್ಲಿ ಬಾಂಬ್ ಸಿಡಿಯಿತು. ನೆಲಮಂಗಲದ ಕಡೆಯ, ಬೆಂಗಳೂರಿನ ಸುತ್ತಲಿನ ಮನೆಗಳಿಗೆ ಶವಪೆಟ್ಟಿಗೆಗಳು ಬಂದವು. ನಮ್ಮ ಊರಿನ ಬಹಳ ಜನಕ್ಕೆ ಶ್ರೀಲಂಕಾದ ಈಸ್ಟರ್ ದಾಳಿ ಎಂದರೆ ಇಂದಿಗೂ ಆ ಶವಪೆಟ್ಟಿಗೆಗಳೇ ನೆನಪಾಗುತ್ತವೆ.

ಆದರೆ ಆ ಬೆಳಗ್ಗೆ ಹೋಟೆಲುಗಳ ಜೊತೆ ಮೂರು ಚರ್ಚುಗಳಲ್ಲೂ ಬಾಂಬ್ ಸಿಡಿದಿತ್ತು. ಒಂದು, ಕೊಲಂಬೊದ ಕೊಚ್ಚಿಕಡೆಯಲ್ಲಿರುವ ಸಂತ ಅಂತೋನಿಯವರ ಪುಣ್ಯಕ್ಷೇತ್ರ. ಇನ್ನೊಂದು, ನೆಗೊಂಬೊದ ಕಟುವಪಿಟಿಯದ ಸಂತ ಸೆಬಾಸ್ಟಿಯನ್ ಚರ್ಚು. ಮೂರನೆಯದು ಪೂರ್ವ ಕರಾವಳಿಯ ಬಟ್ಟಿಕಲೋವದಲ್ಲಿರುವ ಜಿಯೋನ್ ಚರ್ಚು, ಅದು ಪ್ರಾಟೆಸ್ಟೆಂಟರದು. ಒಟ್ಟು 260ಕ್ಕೂ ಹೆಚ್ಚು ಜನ ಸತ್ತರು. ಕಟುವಪಿಟಿಯ ಒಂದರಲ್ಲೇ ನೂರು ದಾಟಿತು. ಹಬ್ಬದ ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದ ಮಕ್ಕಳು ಅದರಲ್ಲಿದ್ದರು. ಶ್ರೀಲಂಕಾದ ಜನಸಂಖ್ಯೆಯಲ್ಲಿ ಕಥೋಲಿಕರು ಶೇ 6ರ ಆಸುಪಾಸು. ಇಷ್ಟು ಚಿಕ್ಕ ಸಮುದಾಯಕ್ಕೆ, ಅದರ ಅತಿ ದೊಡ್ಡ ಹಬ್ಬದ ದಿನ, ದೇವಾಲಯದ ಒಳಗೇ ಬಿದ್ದ ಪೆಟ್ಟು ಅದು.

ವರ್ಷಗಳು ಉರುಳಿದರೂ ಆ ಸಮುದಾಯ ಚದುರಿಹೋಗಿಲ್ಲ. ಚರ್ಚುಗಳು ತುಂಬುತ್ತವೆ. ಸತ್ತವರ ಹೆಸರು ಮರೆತಿಲ್ಲ. ನ್ಯಾಯದ ಕೇಳಿಕೆಯನ್ನೂ ಬಿಟ್ಟಿಲ್ಲ. ಇದು ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ "ನಂಬಿಕೆ ಕೈಹಿಡಿಯಿತು" ಎನ್ನುತ್ತಾರೆ. ನಾನೂ ಕಥೋಲಿಕನೇ, ಬೆಂಗಳೂರಿನಲ್ಲಿ ಚರ್ಚಿನ ಕನ್ನಡ ಪೂಜೆಗೆ ಹೋಗುವವನು. ಆದರೂ ಆ ಉತ್ತರ ನನಗೆ ಸಾಲುವುದಿಲ್ಲ. ನಂಬಿಕೆ ಕೈಹಿಡಿಯುವುದು ಹೇಗೆ? ಯಾವ ಕೆಲಸದ ಮೂಲಕ? ಇದನ್ನು ಬಿಡಿಸಿ ನೋಡಬೇಕು. ನನಗೆ ಕಾಣುವುದು ಇಷ್ಟು: ಆ ಜನರನ್ನು ಹಿಡಿದು ನಿಲ್ಲಿಸಿದ್ದು ಸಮಾಧಾನದ ಮಾತುಗಳಿಗಿಂತ ಜಾಸ್ತಿ, ತಲೆಮಾರುಗಳಿಂದ ರೂಢಿಯಾಗಿದ್ದ ಕೆಲಸಗಳು. ತಾರೀಖು ತಪ್ಪಿಸದೆ ಸೇರುವುದು, ಹೆಸರು ಹೇಳಿ ಪ್ರಾರ್ಥಿಸುವುದು, ತಪ್ಪನ್ನು ತಪ್ಪು ಎಂದು ಒಪ್ಪಿಸುವುದು. ದುಃಖ ತಡೆಯಲು ಬಂದ ಈ ಅಭ್ಯಾಸಗಳೇ ಮುಂದೆ ಸರ್ಕಾರವನ್ನು ಪ್ರಶ್ನಿಸುವ ಬಲವನ್ನೂ ಕೊಟ್ಟವು.

ನಮ್ಮ ಮನೆಗಳಲ್ಲಿ ಸಾವಾದಾಗ ಏನಾಗುತ್ತದೆ ಎಂಬುದರಿಂದ ಶುರು ಮಾಡೋಣ. ಮಣ್ಣು ಮಾಡಿ ಬಂದ ಸಂಜೆಯಿಂದಲೇ ಜಪಸರ (ಮಣಿಸರ ಹಿಡಿದು ಹೇಳುವ ಜಪ) ಹೇಳಲು ಅಕ್ಕಪಕ್ಕದವರು ಬರುತ್ತಾರೆ. ಏಳನೇ ದಿನ, ಮೂವತ್ತನೇ ದಿನ, ವರ್ಷಕ್ಕೆ ಒಮ್ಮೆ ಪೂಜೆ ಇಡಿಸುತ್ತಾರೆ. ಪೂಜೆಯಲ್ಲಿ ಫಾದರ್ ಸತ್ತವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ನವೆಂಬರ್ 2, ಸಕಲ ಮೃತರ ದಿನ. ಅಂದು ಹೊಸೂರು ರಸ್ತೆಯ ಸಮಾಧಿ ಸ್ಥಳದಲ್ಲಿ, ಕಲ್ಪಳ್ಳಿಯಲ್ಲಿ ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುವವರ ಸಾಲು ನೋಡಬೇಕು. ತಿಥಿ, ವೈಕುಂಠ ಸಮಾರಾಧನೆ ಮಾಡುವ ಮನೆಗಳಿಗೆ ಇದೆಲ್ಲ ಹೊಸದೇನಲ್ಲ.

ಗಮನಿಸಬೇಕಾದ್ದು ಏನೆಂದರೆ, ಮಗನನ್ನು ಕಳೆದುಕೊಂಡ ತಾಯಿಯನ್ನು ಈ ದಿನಗಳಲ್ಲಿ ಯಾರೂ "ನಿನಗೆ ದೇವರ ಮೇಲೆ ಇನ್ನೂ ನಂಬಿಕೆ ಇದೆಯಾ?" ಎಂದು ಕೇಳುವುದಿಲ್ಲ. "ಏನಾದ್ರೂ ತಿಂದ್ಯೇನಮ್ಮಾ?" ಎಂದು ಕೇಳುತ್ತಾರೆ. ಜಪ ಶುರುವಾದರೆ ಪಕ್ಕದ ಮನೆಯವರು ಮುಂದೆ ಹೇಳುತ್ತಾರೆ, ಅವಳು ಹಿಂದೆ ತುಟಿ ಆಡಿಸಿದರೆ ಸಾಕು. ಕೆಲವು ದಿನ ಅದೂ ಆಗುವುದಿಲ್ಲ, ಸುಮ್ನೆ ಕೂತಿರುತ್ತಾಳೆ. ಆಗಲೂ ಜಪ ನಿಲ್ಲುವುದಿಲ್ಲ. ಅವಳ ಪಾಲಿನ ನಂಬಿಕೆಯನ್ನು ಉಳಿದವರು ಸ್ವಲ್ಪ ಕಾಲ ಹೊತ್ತುಕೊಂಡಿರುತ್ತಾರೆ. ದುಃಖದಲ್ಲಿ ಇರುವವರಿಗೆ ಹೊಸ ಮಾತು ಹುಡುಕುವ ಶಕ್ತಿ ಇರುವುದಿಲ್ಲ ಅಲ್ವಾ? ಬಾಯಿಪಾಠವಾದ ಹಳೆಯ ಮಾತು ಆಗ ಉಪಯೋಗಕ್ಕೆ ಬರುತ್ತದೆ. ಬಾಯಿಪಾಠದ ಪ್ರಾರ್ಥನೆಯಲ್ಲಿ ಮನಸ್ಸಿರುವುದಿಲ್ಲ ಎಂದು ಹಗುರವಾಗಿ ಮಾತಾಡುವವರು ಒಂದು ಸಾವಿನ ಮನೆಯಲ್ಲಿ ಕೂತು ನೋಡಬೇಕು.

ಶ್ರೀಲಂಕಾದಲ್ಲಿ ಆದದ್ದರ ಕ್ರೌರ್ಯ ಇಲ್ಲಿದೆ: ಸಾವಿನ ಹೊತ್ತಿಗೆ ಆಸರೆಯಾಗಬೇಕಿದ್ದ ವ್ಯವಸ್ಥೆಯೇ ನಿಂತುಹೋಯಿತು. ಇನ್ನಷ್ಟು ದಾಳಿಯಾಗಬಹುದು ಎಂಬ ಭಯದಿಂದ ಸಾರ್ವಜನಿಕ ಪೂಜೆಗಳನ್ನು ನಿಲ್ಲಿಸಿದರು. ಮುಂದಿನ ಭಾನುವಾರ, ಏಪ್ರಿಲ್ 28ರಂದು, ಕೊಲಂಬೊದ ಮಹಾಧರ್ಮಾಧ್ಯಕ್ಷರಾದ (ಆರ್ಚ್‌ಬಿಷಪ್) ಕಾರ್ಡಿನಲ್ ಮಾಲ್ಕಮ್ ರಂಜಿತ್ ತಮ್ಮ ನಿವಾಸದ ಪ್ರಾರ್ಥನಾಲಯದಲ್ಲಿ ಪೂಜೆ ಮಾಡಿದರು. ಜನ ಅದನ್ನು ಟಿವಿಯಲ್ಲಿ ನೋಡಿದರು. ಕೊಲಂಬೊದ ಚರ್ಚುಗಳಲ್ಲಿ ಭಾನುವಾರದ ಪೂಜೆ ಮತ್ತೆ ಶುರುವಾದದ್ದು ಮೇ 12ಕ್ಕೆ, ಪೊಲೀಸರ ಮತ್ತು ಸೈನಿಕರ ಕಾವಲಿನಲ್ಲಿ. ಒಟ್ಟಿಗೆ ಸೇರಲು ಆಗದ ಸಂಕಟ ಏನು ಎಂಬುದು ಒಂದು ವರ್ಷದ ನಂತರ, 2020ರ ಲಾಕ್‌ಡೌನ್ ಈಸ್ಟರಿನಲ್ಲಿ, ಬೆಂಗಳೂರಿನವರಾದ ನಮಗೂ ಸ್ವಲ್ಪ ತಿಳಿಯಿತು. ನಮ್ಮದು ರೋಗದ ಭಯ. ಅವರದು ಪಕ್ಕದಲ್ಲಿ ಬಂದು ಕೂರುವ ಅಪರಿಚಿತನ ಬೆನ್ನಿನ ಚೀಲದ ಭಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಕೊಚ್ಚಿಕಡೆಯ ಪುಣ್ಯಕ್ಷೇತ್ರ ದುರಸ್ತಿಯಾಗಿ ಮತ್ತೆ ತೆರೆದದ್ದು 2019ರ ಜೂನ್ 12ರಂದು. ಮಾರನೇ ದಿನ, ಜೂನ್ 13, ಸಂತ ಅಂತೋನಿಯವರ ಹಬ್ಬ. ಕಟುವಪಿಟಿಯದ ಚರ್ಚು ಜುಲೈ 21ಕ್ಕೆ, ದಾಳಿಗೆ ಸರಿಯಾಗಿ ಮೂರು ತಿಂಗಳು ತುಂಬಿದ ದಿನ ತೆರೆಯಿತು. ಕೈಯಲ್ಲಿ ತಾರೀಖು ಹಿಡಿದುಕೊಂಡೇ ಕೆಲಸ ಮಾಡಿದ್ದಾರೆ. ಹಬ್ಬ ತಪ್ಪಬಾರದು ಎಂಬ ಹಟ ಅದು. ಮೈಸೂರು ಜಿಲ್ಲೆಯ ಡೋರ್ನಹಳ್ಳಿಯಲ್ಲಿ ಜೂನ್ 13ರ ಜಾತ್ರೆ ನೋಡಿದವರಿಗೆ ಈ ಹಟ ಅರ್ಥವಾಗುತ್ತದೆ. ಅಲ್ಲಿಗೆ ಬರುವವರೆಲ್ಲ ಕ್ರೈಸ್ತರಲ್ಲ. ಕೊಚ್ಚಿಕಡೆಯದೂ ಅದೇ ಕಥೆ. ಮಂಗಳವಾರ ಅಲ್ಲಿ ಬೌದ್ಧರು, ಹಿಂದೂಗಳು, ಮುಸ್ಲಿಮರು ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಬಾಂಬ್ ಬಿದ್ದದ್ದು ಕಥೋಲಿಕರ ಮೇಲೆ ಮಾತ್ರ ಅಲ್ಲ, ಈ ಸಾಲಿನ ಮೇಲೂ.

ಕಟುವಪಿಟಿಯದಲ್ಲಿ ಇನ್ನೊಂದು ಕೆಲಸ ಮಾಡಿದರು. ಗೋಡೆಗೆ ಹೊಸ ಬಣ್ಣ ಬಂತು, ಚಾವಣಿ ಹೊಸದಾಯಿತು. ಆದರೆ ರಕ್ತದ ಕಲೆಯಾದ ಪುನರುತ್ಥಾನಿ ಯೇಸುವಿನ ಪ್ರತಿಮೆಯನ್ನು ತೊಳೆಯಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಹಾಗೇ ಇಟ್ಟಿದ್ದಾರೆ. ಸಾವನ್ನು ಗೆದ್ದ ಯೇಸುವಿನ ಮೈಮೇಲೆ, ಸತ್ತ ಮಕ್ಕಳ ರಕ್ತ. ಕಥೋಲಿಕರ ಕಣ್ಣಿಗೆ ಅದು ವಿಚಿತ್ರವಲ್ಲ. ಬೈಬಲಿನ ಶುಭಸಂದೇಶದಲ್ಲಿ ಪುನರುತ್ಥಾನಿ ಯೇಸು ಶಿಷ್ಯರಿಗೆ ಕಾಣಿಸಿಕೊಂಡಾಗಲೂ ಅವರ ಕೈಯ ಗಾಯಗಳು ಮಾಯವಾಗಿರಲಿಲ್ಲ. ಗಾಯ ಇದ್ದೂ ಬದುಕು ಮುಂದೆ ಹೋಗಬಹುದು, ಮುಂದೆ ಹೋಗಲು ಗಾಯವನ್ನು ಮುಚ್ಚಿಡಬೇಕಿಲ್ಲ ಎಂಬ ತಿಳಿವಳಿಕೆ ಅವರಿಗೆ ಧರ್ಮೋಪದೇಶದ ತರಗತಿಯಿಂದಲೇ ಬಂದಿದೆ. ಅದನ್ನೇ ಆ ಗಾಜಿನ ಪೆಟ್ಟಿಗೆಯಲ್ಲಿ ಮಾಡಿ ತೋರಿಸಿದ್ದಾರೆ.

ತಾರೀಖಿನ ಇನ್ನೊಂದು ಪೇಚು ಇದೆ. ಈಸ್ಟರ್ ಚಂದ್ರನ ಲೆಕ್ಕದ ಹಬ್ಬ. ಪ್ರತಿ ವರ್ಷ ಬೇರೆ ದಿನ ಬರುತ್ತದೆ. ಏಪ್ರಿಲ್ 21 ಮಾತ್ರ ಕದಲುವುದಿಲ್ಲ. ಹಾಗಾಗಿ ಆ ಕುಟುಂಬಗಳಿಗೆ ವರ್ಷಕ್ಕೆ ಎರಡು ಸಲ ವರ್ಷಾಬ್ದಿಕ. ಹಬ್ಬದ ದಿನ ಒಮ್ಮೆ, ತಾರೀಖಿಗೆ ಒಮ್ಮೆ. ಬೆಳಗ್ಗೆ 8.45ಕ್ಕೆ, ಬಾಂಬ್ ಸಿಡಿದ ಹೊತ್ತಿಗೆ, ಚರ್ಚಿನ ಗಂಟೆ ಬಾರಿಸಿ ಮೌನ ಆಚರಿಸುತ್ತಾರೆ. ಇದು ಹಿಂಸೆಯಂತೆ ಕಾಣಬಹುದು. ಆದರೆ ಯೋಚಿಸಿ: ಸರ್ಕಾರಗಳು ಬದಲಾಗುತ್ತವೆ, ಪತ್ರಿಕೆಗಳು ಬೇರೆ ಸುದ್ದಿಗೆ ಹೋಗುತ್ತವೆ, ಆಯೋಗದ ವರದಿ ಕಪಾಟು ಸೇರುತ್ತದೆ. ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚ್ ಸಂಸ್ಥೆಯ, ಪಂಚಾಂಗ ಮಾತ್ರ ವರ್ಷವರ್ಷವೂ ಜನರನ್ನು ಅದೇ ಜಾಗಕ್ಕೆ ಕರೆತರುತ್ತದೆ. ಅಲ್ಲಿ ಸೇರಿದವರು ಹೆಸರು ಓದುತ್ತಾರೆ. ಹೆಸರು ಓದಿದ ಮೇಲೆ, ಇವರನ್ನು ಕೊಲ್ಲಿಸಿದ್ದು ಯಾರು ಎಂಬ ಪ್ರಶ್ನೆ ತಾನಾಗೇ ಬರುತ್ತದೆ.

ಈ ಸಮುದಾಯಕ್ಕೆ ಇಂಥ ಗಟ್ಟಿತನ ಹೇಗೆ ಬಂತು ಎಂದು ಹುಡುಕಿದರೆ ದಾರಿ ನಮ್ಮ ಕರಾವಳಿಗೇ ಬರುತ್ತದೆ. 17ನೇ ಶತಮಾನದ ನಡುವೆ ಡಚ್ಚರು ಪೋರ್ಚುಗೀಸರನ್ನು ಸಿಂಹಳ ದ್ವೀಪದಿಂದ ಓಡಿಸಿದರು. 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಅವರ ಕೈಗೆ ಬಂತು. ಡಚ್ಚರು ಪ್ರಾಟೆಸ್ಟೆಂಟರು. ಕಥೋಲಿಕ ಗುರುಗಳನ್ನು (ಪಾದ್ರಿಗಳನ್ನು) ನಿಷೇಧಿಸಿದರು. ಸುಮಾರು ಮೂರು ದಶಕ ಆ ಜನ ಗುರುಗಳಿಲ್ಲದೆ ಬದುಕಿದರು. ಊರಿನ ಹಿರಿಯರೇ ಪ್ರಾರ್ಥನೆ ನಡೆಸಿದರು, ಮಕ್ಕಳಿಗೆ ಜಪ ಕಲಿಸಿದರು.

ಅದೇ ಕಾಲದಲ್ಲಿ ಗೋವಾದ ಬೆನಾವ್ಲಿಮ್‌ನಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಯುವ ಗುರು 1681ರಲ್ಲಿ ಕೆನರಾ ಪ್ರಾಂತ್ಯಕ್ಕೆ ಬಂದರು. ಮಂಗಳೂರು ಸೀಮೆಯಲ್ಲಿ ಕೆಲವು ವರ್ಷ ಸೇವೆ ಮಾಡಿದರು. ಮಂಗಳೂರಿನ ಹತ್ತಿರದ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರ ಈಗಲೂ ಇದೆ. ಲಂಕೆಯ ಕಥೋಲಿಕರ ಸುದ್ದಿ ಕೇಳಿ 1687ರಲ್ಲಿ ವೇಷ ಮರೆಸಿಕೊಂಡು ಅಲ್ಲಿಗೆ ಹೋದರು. ರಾತ್ರಿ ಹೊತ್ತು ಮನೆಗಳಲ್ಲಿ ಪೂಜೆ ಮಾಡಿದರು. ಕ್ಯಾಂಡಿಯಲ್ಲಿ ಸೆರೆಮನೆ ಕಂಡರು. 1697ರಲ್ಲಿ ಅಲ್ಲಿ ಸಿಡುಬು ಬಂದಾಗ ಮನೆಯವರೇ ಬಿಟ್ಟುಹೋದ ರೋಗಿಗಳ ಆರೈಕೆ ಮಾಡಿದರು, ಯಾವ ಧರ್ಮದವರು ಎಂದು ನೋಡಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಜಗದ್ಗುರು (ಪೋಪ್) ಫ್ರಾನ್ಸಿಸ್ ಕೊಲಂಬೊಗೆ ಬಂದು ಅವರನ್ನು ಸಂತರೆಂದು ಘೋಷಿಸಿದರು. ಕೊಚ್ಚಿಕಡೆಯ ಪುಣ್ಯಕ್ಷೇತ್ರದ ಮೂಲವೂ ಡಚ್ಚರ ಕಾಲದ್ದೇ. ಕೊಚ್ಚಿಯಿಂದ ಬಂದು ತಲೆಮರೆಸಿಕೊಂಡಿದ್ದ ಒಬ್ಬ ಗುರುವಿಗೆ ಮೀನುಗಾರರು ಆಸರೆ ಕೊಟ್ಟರು, ಅಲ್ಲಿಂದ ಅದು ಶುರುವಾಯಿತು ಎಂದು ಅಲ್ಲಿನವರು ಹೇಳುತ್ತಾರೆ.

ಈ ಇತಿಹಾಸವನ್ನು ಇಷ್ಟು ಹೇಳಲು ಕಾರಣ ಇದೆ. 2019ರಲ್ಲಿ ಚರ್ಚಿನ ಬಾಗಿಲು ಮುಚ್ಚಿದಾಗ ಆ ಜನಕ್ಕೆ ಅದು ಮೊದಲ ಸಲವೇನೂ ಆಗಿರಲಿಲ್ಲ. ಗುರು ಇಲ್ಲದಾಗ ಮನೆಯಲ್ಲೇ ಜಪ ನಡೆಸುವುದು ಅವರಿಗೆ ಗೊತ್ತಿತ್ತು.

ಇನ್ನು ದೇವರ ಪ್ರಶ್ನೆ. ಹಬ್ಬದ ದಿನ, ತನ್ನ ಮನೆಯೊಳಗೆ, ತನ್ನ ಮಕ್ಕಳನ್ನು ದೇವರು ಯಾಕೆ ಕಾಪಾಡಲಿಲ್ಲ? ಇದಕ್ಕೆ ಕಥೋಲಿಕ ವಿಶ್ವಾಸ ಉತ್ತರ ಕೊಡುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಪ್ರಶ್ನೆ ಕೇಳಲು ಜಾಗ ಕೊಡುತ್ತದೆ, ಅಷ್ಟು ಮಾತ್ರ. ಶಿಲುಬೆಯ ಮೇಲೆ ಯೇಸುವೇ "ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ?" ಎಂದು ಕೂಗಿದರು. ಶುಭ ಶುಕ್ರವಾರದಂದು ಪೀಠದ ಮೇಲಿನ ಬಟ್ಟೆಯನ್ನೂ ತೆಗೆದು ಬರಿದು ಮಾಡಿರುತ್ತಾರೆ. ಅಂದು ಬಲಿಪೂಜೆ ಇರುವುದಿಲ್ಲ. ಕನಕಪುರದ ಕಡೆ ಹಾರೋಬೆಲೆಯಲ್ಲಿ ಯೇಸುವಿನ ಯಾತನೆಯನ್ನು ಊರ ಜನರೇ ಆಡಿ ತೋರಿಸುವಾಗ ನೋಡುವವರು ಬಿಕ್ಕಿ ಅಳುತ್ತಾರೆ. ಅಳುವುದು ಅವಿಶ್ವಾಸವಲ್ಲ ಎಂದು ಈ ಸಂಪ್ರದಾಯಕ್ಕೆ ಚೆನ್ನಾಗಿ ಗೊತ್ತು. ಶೋಕ ಮಾತೆಯ, ಅಂದರೆ ಮಗ ಯೇಸುವಿಗಾಗಿ ದುಃಖಿಸುವ ಮರಿಯಮ್ಮನ, ಪ್ರತಿಮೆಯ ಮುಂದೆ ಮಗನನ್ನು ಕಳೆದುಕೊಂಡ ಹೆಂಗಸು ಯಾವ ವಿವರಣೆಯನ್ನೂ ಕೊಡಬೇಕಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕ್ಷಮೆಯ ವಿಷಯ. 2020ರ ಈಸ್ಟರಿನಂದು ಕಾರ್ಡಿನಲ್ ರಂಜಿತ್, ದಾಳಿ ಮಾಡಿದವರನ್ನು ಕ್ಷಮಿಸಿದ್ದೇವೆ ಎಂದರು. ಕ್ಷಮಿಸಿದ ಮೇಲೆ ವಿಷಯ ಮುಗಿಯಿತಲ್ಲ ಎಂದು ಬಹಳ ಜನ ಅಂದುಕೊಂಡಿರಬಹುದು. ಮುಗಿಯಲಿಲ್ಲ. ದಾಳಿಯ ವಿಚಾರಣೆಗೆ ನೇಮಿಸಿದ್ದ ಅಧ್ಯಕ್ಷೀಯ ಆಯೋಗದ ವರದಿ ಬಂದಾಗ ಅದರ ಮೇಲೆ ಸರಿಯಾದ ಕ್ರಮ ಆಗುತ್ತಿಲ್ಲ ಎಂದು ಧರ್ಮಸಭೆ ತಕರಾರು ತೆಗೆಯಿತು. 2021ರ ಮಾರ್ಚ್ 7ರಂದು ಜನ ಕಪ್ಪು ಬಟ್ಟೆ ಹಾಕಿಕೊಂಡು ಪೂಜೆಗೆ ಬಂದರು. ಕುಟುಂಬದವರು, ಗುರುಗಳು, ವಕೀಲರು ಸುಪ್ರೀಂ ಕೋರ್ಟಿಗೆ ಹೋದರು. 2022ರ ಏಪ್ರಿಲ್ 25ರಂದು ಬದುಕುಳಿದವರು ಮತ್ತು ಸತ್ತವರ ಮನೆಯವರು ವ್ಯಾಟಿಕನ್‌ನಲ್ಲಿ ಜಗದ್ಗುರು ಫ್ರಾನ್ಸಿಸ್‌ರನ್ನು ಕಂಡರು. 2023ರ ಜನವರಿ 12ರಂದು ತೀರ್ಪು ಬಂತು. ಭಾರತದ ಗುಪ್ತಚರ ಸಂಸ್ಥೆಗಳು ಮುಂಚೆಯೇ ಎಚ್ಚರಿಸಿದ್ದರೂ ದಾಳಿ ತಡೆಯದ ನಿರ್ಲಕ್ಷ್ಯಕ್ಕೆ ಆಗಿನ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ತಮ್ಮ ಕೈಯಿಂದಲೇ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕು ಎಂದಿತು ಕೋರ್ಟು. ಪೊಲೀಸ್ ಮತ್ತು ಗುಪ್ತಚರ ಸೇವೆಯ ಮುಖ್ಯಸ್ಥರಿಗೂ ದಂಡ ಬಿತ್ತು.

ಕ್ಷಮೆ ಮತ್ತು ಹೊಣೆಗಾರಿಕೆ ಒಟ್ಟಿಗೆ ಹೇಗೆ ನಡೆಯುತ್ತವೆ? ಪಾಪನಿವೇದನೆ ಮಾಡಿ ಬೆಳೆದವರಿಗೆ ಇದು ಗೊತ್ತು. ಚಿಕ್ಕಂದಿನಿಂದ ಕಲಿಸುವ ಕ್ರಮ ಅದು. ಮೊದಲು ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳಬೇಕು. ಅದಕ್ಕಾಗಿ ಮರುಗಬೇಕು. ಕದ್ದಿದ್ದರೆ ವಾಪಸ್ ಕೊಡಬೇಕು, ಹಾಳು ಮಾಡಿದ್ದರೆ ಸರಿಪಡಿಸಬೇಕು. ತಪ್ಪನ್ನು ಒಪ್ಪದವನಿಗೆ ಗುರು ಪಾಪವಿಮೋಚನೆ ಕೊಡಲಾರರು. ಈ ಶಿಕ್ಷಣ ಪಡೆದ ಜನ, ಸರ್ಕಾರ ತಪ್ಪೇ ಒಪ್ಪದಿರುವಾಗ "ಎಲ್ಲ ಮರೆತುಬಿಡೋಣ" ಎಂದು ಹೇಳುವುದಾದರೂ ಹೇಗೆ? ಕೊಂದವನ ಮೇಲೆ ದ್ವೇಷ ಬೇಡ ಎನ್ನುವುದು ತಮ್ಮ ಮನಸ್ಸಿನ ಆರೋಗ್ಯಕ್ಕೆ, ತಮ್ಮ ದೇವರಿಗೆ ಸಂಬಂಧಿಸಿದ್ದು. ನಿಜ ಹೊರಗೆ ಬರಲಿ ಎನ್ನುವುದು ಸತ್ತವರಿಗೆ ಸಲ್ಲಬೇಕಾದ ಋಣ. ನಂಬಿಕೆ ಜನರನ್ನು ಮಂಕಾಗಿಸಿ ಸುಮ್ಮನಿರಿಸುತ್ತದೆ ಎಂಬ ಹಳೆಯ ದೂರಿಗೆ ಕೊಲಂಬೊದ ಈ ವರ್ಷಗಳು ಒಳ್ಳೆಯ ಉತ್ತರ.

ಹಾಗಂತ ಎಲ್ಲ ಚೆನ್ನಾಗಿತ್ತು ಎಂದು ಹೇಳಿದರೆ ಅನ್ಯಾಯವಾಗುತ್ತದೆ. ಬಾಂಬ್ ಕಟ್ಟಿಕೊಂಡು ಬಂದವರು ಇಸ್ಲಾಮಿ ಉಗ್ರರಾಗಿದ್ದರಿಂದ ಸಿಟ್ಟು ಸಾಮಾನ್ಯ ಮುಸ್ಲಿಮರ ಮೇಲೆ ತಿರುಗಿತು. ದಾಳಿಯಾದ ದಿನಗಳಲ್ಲೇ ನೆಗೊಂಬೊದಲ್ಲಿ ಆಶ್ರಯ ಪಡೆದಿದ್ದ ಪಾಕಿಸ್ತಾನದ ಅಹ್ಮದಿ ಪಂಗಡದ ನಿರಾಶ್ರಿತರನ್ನು ಬಾಡಿಗೆ ಮನೆಗಳಿಂದ ಓಡಿಸಿದರು. ಧರ್ಮದ ಹೆಸರಿನ ಹಿಂಸೆಯಿಂದಲೇ ತಪ್ಪಿಸಿಕೊಂಡು ಬಂದಿದ್ದ ಜನ ಅವರು. ಮೇ ತಿಂಗಳಲ್ಲಿ ನೆಗೊಂಬೊದಲ್ಲಿ ಮುಸ್ಲಿಮರ ಮೇಲೆ ಗಲಭೆಯಾದಾಗ ಕಾರ್ಡಿನಲ್, ಒಬ್ಬ ಮುಸ್ಲಿಮನಿಗೂ ನೋವು ಮಾಡಬೇಡಿ, ಅವರು ನಮ್ಮ ಸೋದರರು ಎಂದು ಕೇಳಿಕೊಂಡರು. ಮದ್ಯದಂಗಡಿ ಮುಚ್ಚಿಸಿ ಎಂದೂ ಸರ್ಕಾರಕ್ಕೆ ಹೇಳಿದರು. ಬೆಂಕಿ ದೊಡ್ಡದಾಗದಂತೆ ತಡೆದದ್ದರಲ್ಲಿ ಆ ಮಾತಿನ ಪಾಲಿದೆ. ಆದರೂ ಕೆಲವರ ಮನೆಯ ಗಾಜು ಅಷ್ಟರಲ್ಲಿ ಒಡೆದಿತ್ತು.

ಇನ್ನೊಂದು ನೋವು ಹಳೆಯದು. 1995ರ ಜುಲೈ 9ರಂದು ಜಾಫ್ನಾದ ನವಾಲಿಯಲ್ಲಿ ಸಂತ ಪೇತ್ರರ ಚರ್ಚಿನಲ್ಲಿ ಆಶ್ರಯ ಪಡೆದಿದ್ದ ತಮಿಳರ ಮೇಲೆ ಶ್ರೀಲಂಕಾ ವಾಯುಪಡೆಯ ಬಾಂಬ್ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲೂ ಕಥೋಲಿಕರು ಇದ್ದರು. ಅಂತರ್ಯುದ್ಧದಲ್ಲಿ ಸತ್ತ, ಕಾಣೆಯಾದ ತಮಿಳರ ಪರವಾಗಿ ಮನ್ನಾರ್‌ನ ಧರ್ಮಾಧ್ಯಕ್ಷರಾಗಿದ್ದ ರಾಯಪ್ಪು ಜೋಸೆಫ್ ಗಟ್ಟಿಯಾಗಿ ಮಾತಾಡಿದರು. ದಕ್ಷಿಣದ ಧರ್ಮಸಭೆ ಆಗ ಅಷ್ಟೇ ಗಟ್ಟಿಯಾಗಿ ಜೊತೆಗೂಡಲಿಲ್ಲ ಎಂಬ ಕೊರಗು ಉತ್ತರದ ತಮಿಳು ಕಥೋಲಿಕರಿಗೆ ಇದೆ. ಆ ಕೊರಗು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಒಂದೇ ಜಪಸರ, ಒಂದೇ ಪರಮ ಪ್ರಸಾದ ಇದ್ದರೂ ಭಾಷೆ ಬೇರೆಯಾದರೆ ಸಾವಿನ ತೂಕ ಬೇರೆಯಾಗಿಬಿಡುತ್ತದೆ. ಕನ್ನಡ, ತಮಿಳು, ಕೊಂಕಣಿ, ಮಲಯಾಳಂ ಪೂಜೆಗಳಿಗೆ ಬೇರೆ ಬೇರೆ ಹೊತ್ತಿಗೆ ಬಂದು, ಒಬ್ಬರ ಮುಖ ಒಬ್ಬರು ನೋಡದೆ ಹೋಗುವ ಬೆಂಗಳೂರಿನ ಧರ್ಮಕೇಂದ್ರಗಳಲ್ಲಿ ಈ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳಬೇಕು. ಶಿವಾಜಿನಗರದ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ಕ್ಕೆ, ಮರಿಯಮ್ಮನ ಹಬ್ಬದಂದು, ಮಾತ್ರ ಎಲ್ಲರೂ ಒಂದೇ ತೇರಿನ ಹಿಂದೆ ನಡೆಯುತ್ತೇವೆ.

ಈಗ ಈ ವಿಷಯ ಎರಡು ದಾರಿಗಳಲ್ಲಿ ನಡೆಯುತ್ತಿದೆ. ಒಂದು ಪೊಲೀಸ್ ತನಿಖೆ. 2024ರಲ್ಲಿ ಅಧ್ಯಕ್ಷರಾದ ಅನುರ ಕುಮಾರ ದಿಸ್ಸಾನಾಯಕೆ ಅವರ ಸರ್ಕಾರ, 2025ರ ಏಪ್ರಿಲ್‌ನಲ್ಲಿ ಆಯೋಗದ ವರದಿಯನ್ನು ಅಪರಾಧ ತನಿಖಾ ಇಲಾಖೆಗೆ ಒಪ್ಪಿಸಿತು. ದಾಳಿಯ ಹಿಂದೆ ರಾಜಕೀಯ ಸಂಚು ಇತ್ತೇ ಎಂಬುದು ಕಾರ್ಡಿನಲ್ ರಂಜಿತ್ ವರ್ಷಗಳಿಂದ ಎತ್ತುತ್ತಿರುವ ಪ್ರಶ್ನೆ.

ಇನ್ನೊಂದು ವ್ಯಾಟಿಕನ್‌ನ ದಾರಿ. ಒಬ್ಬರನ್ನು ಸಂತರ ಸಾಲಿಗೆ ಸೇರಿಸುವ ಪ್ರಕ್ರಿಯೆ ಸಾಮಾನ್ಯವಾಗಿ ಸಾವಾಗಿ ಐದು ವರ್ಷ ಕಳೆಯದೆ ಶುರುವಾಗುವುದಿಲ್ಲ. 2024ರ ಏಪ್ರಿಲ್ 21ಕ್ಕೆ ಆ ಐದು ವರ್ಷ ತುಂಬಿತು, ಕೊಲಂಬೊದಲ್ಲಿ ಜನ ಸಹಿ ಹಾಕಿ ಮನವಿ ಕೊಟ್ಟರು. 2025ರ ಏಪ್ರಿಲ್‌ನಲ್ಲಿ, ದಾಳಿಯಲ್ಲಿ ಸತ್ತ 167 ಕಥೋಲಿಕರ ಹೆಸರುಗಳನ್ನು ವ್ಯಾಟಿಕನ್ ವಿಶ್ವಾಸದ ಸಾಕ್ಷಿಗಳ ಪಟ್ಟಿಗೆ ಸೇರಿಸಿದೆ ಎಂದು ಕಾರ್ಡಿನಲ್ ತಿಳಿಸಿದರು.

ಈ ಎರಡು ದಾರಿಗಳು ಮುಂದೆ ಒಂದು ಕಡೆ ಕೂಡುತ್ತವೆ, ಅದರ ಬಗ್ಗೆ ಇನ್ನೂ ಅಷ್ಟಾಗಿ ಮಾತಾಗಿಲ್ಲ. ಒಬ್ಬರನ್ನು ರಕ್ತಸಾಕ್ಷಿ, ಅಂದರೆ ವಿಶ್ವಾಸಕ್ಕಾಗಿ ಪ್ರಾಣ ತೆತ್ತವರು, ಎಂದು ಘೋಷಿಸಬೇಕಾದರೆ, ಕೊಂದವರು ಕ್ರೈಸ್ತ ವಿಶ್ವಾಸದ ಮೇಲಿನ ದ್ವೇಷದಿಂದ ಕೊಂದರು ಎಂದು ತೋರಿಸಬೇಕು. ಬಾಂಬ್ ಕಟ್ಟಿಕೊಂಡು ಬಂದವರ ದ್ವೇಷ ಸ್ಪಷ್ಟವೇ ಇದೆ. ಆದರೆ ಅವರ ಹಿಂದೆ ಅಧಿಕಾರದ ಲೆಕ್ಕ ಹಾಕಿದವರು ಇದ್ದರು ಎಂದು ತನಿಖೆಯಲ್ಲಿ ಸಾಬೀತಾದರೆ, ಆ ಸಾವುಗಳನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆ ರೋಮಿನಲ್ಲೂ ಏಳುತ್ತದೆ. ಧರ್ಮಸಭೆಯ ಕಡತಕ್ಕೆ ಬೇಕಾದ ಸತ್ಯ ಕೊಲಂಬೊದ ಪೊಲೀಸ್ ಕಡತದಲ್ಲಿದೆ. ಕಟುವಪಿಟಿಯದ ಮನೆಗಳು ಎರಡಕ್ಕೂ ಕಾಯುತ್ತಿವೆ.